ಅಲಾಸ್ಕಾ ಹೆದ್ದಾರಿಯಲ್ಲಿ ಆರ್‌ವಿ ಪ್ರವಾಸ: ಪ್ರಾಣಿಗಳು ಕಣ್ಣಿಗೆ ಬೀಳಬೇಕಾದರೆ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಡಾಸನ್ ಕ್ರೀಕ್‌ನಲ್ಲಿ ಶುರುವಾಗುವ ಅಲಾಸ್ಕಾ ಹೆದ್ದಾರಿ ಯೂಕಾನ್ ದಾಟಿ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ನಲ್ಲಿ ಮುಗಿಯುತ್ತದೆ. ಉದ್ದ 2,200 ಕಿಲೋಮೀಟರಿಗೂ ಹೆಚ್ಚು. 1942ರಲ್ಲಿ ಯುದ್ಧಕ್ಕೆಂದು ತರಾತುರಿಯಲ್ಲಿ ಕಡಿದ ಈ ರಸ್ತೆ ಈಗ ಪೂರ್ತಿ ಡಾಂಬರು ಕಂಡಿದೆ; ಆರ್‌ವಿಯಲ್ಲಿ, ಅಂದರೆ ಅಡುಗೆಗೂ ಮಲಗುವುದಕ್ಕೂ ಜಾಗವಿರುವ ಮನೆಯಂಥ ಗಾಡಿಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಬಹುದು. ದಿನಕ್ಕೆ 600 ಕಿಲೋಮೀಟರ್ ಓಡಿಸಿದರೆ ನಾಲ್ಕೇ ದಿನದಲ್ಲಿ ಮುಗಿಯುತ್ತದೆ. ಆದರೆ ಹಾಗೆ ಹೋದವರಿಗೆ ಕಾಣುವುದು ಸ್ಪ್ರೂಸ್ ಮರಗಳ ಗೋಡೆ ಮಾತ್ರ. ಪ್ರಾಣಿ ನೋಡಬೇಕೆಂದರೆ ದಿನಕ್ಕೆ 250 ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಬಂಡೀಪುರ, ಕಬಿನಿಯಲ್ಲಿ ಸಫಾರಿ ಮಾಡಿದವರಿಗೆ ಇಲ್ಲಿ ಮೊದಲು ತಿಳಿಯುವ ಕೊರತೆ ಎಂದರೆ ಎಚ್ಚರಿಕೆಯ ಕೂಗು. ಅಲ್ಲಿ ಮುಸುವ ಕೆಮ್ಮುತ್ತದೆ, ಜಿಂಕೆ ಕೂಗುತ್ತದೆ, ಜೀಪಿನ ಚಾಲಕನಿಗೆ ಅದೇ ದಾರಿ ತೋರಿಸುತ್ತದೆ. ಇಲ್ಲಿ ಕಾಡು ಬಹುಪಾಲು ಮೌನ. ಒಂದು ಕಡೆ ರೇವನ್ ಎಂಬ ದೊಡ್ಡ ಕಾಗೆಗಳು ಗುಂಪುಗೂಡಿ ಏರಿಳಿಯುತ್ತಿದ್ದರೆ ಅಲ್ಲೊಂದು ಸತ್ತ ಪ್ರಾಣಿ ಇರಬಹುದು, ಅದರ ಬಳಿ ತೋಳವೋ ಕರಡಿಯೋ ಇರಬಹುದು ಎಂಬುದೊಂದೇ ಸುಳಿವು. ಉಳಿದಂತೆ ನಂಬಬೇಕಾದದ್ದು ಮೇವನ್ನು. ಈ ವಾರ ತಿನ್ನಲು ಏನು ಸಿಗುತ್ತಿದೆ, ಅದು ಎಲ್ಲಿ ಬೆಳೆಯುತ್ತದೆ ಎಂದು ಗೊತ್ತಿದ್ದರೆ ಎಲ್ಲಿ ನಿಧಾನ ಮಾಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ತಿಂಗಳು ನೋಡಿ ಹೊರಡಿ

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಕರಿ ಕರಡಿಗಳ ಕಾಲ. ರಸ್ತೆಯ ಎರಡೂ ಬದಿ ಮರ ಕಡಿದು ಅಗಲವಾಗಿ ತೆರವು ಮಾಡಿರುತ್ತಾರೆ. ಬಿಸಿಲು ಮೊದಲು ಬೀಳುವುದು ಅಲ್ಲಿಗೆ, ಹಿಮ ಮೊದಲು ಕರಗುವುದೂ ಅಲ್ಲೇ. ಒಳಗಿನ ಕಾಡು ಇನ್ನೂ ತಣ್ಣಗಿರುವಾಗ ಈ ಪಟ್ಟಿಯಲ್ಲಿ ಹುಲ್ಲು, ಡ್ಯಾಂಡೆಲಿಯನ್, ಕ್ಲೋವರ್ ಚಿಗುರಿರುತ್ತವೆ. ಚಳಿಗಾಲವಿಡೀ ಮಲಗಿ ಎದ್ದ ಕರಡಿ ಹಸುವಿನ ಹಾಗೆ ತಲೆ ತಗ್ಗಿಸಿ ಅದನ್ನೇ ಮೇಯುತ್ತಿರುತ್ತದೆ. ಮೂಸ್ ಎಂಬ ದೈತ್ಯ ಜಿಂಕೆ ಮರಿ ಹಾಕುವುದೂ ಇದೇ ಹೊತ್ತಿಗೆ. ಮರಿಯ ಜೊತೆಗಿರುವ ತಾಯಿ ಮೂಸ್ ಬಳಿ ಸುಳಿಯಬಾರದು. ಕರಡಿಗೆ ಹೆದರುವವರು ಇದಕ್ಕೂ ಅಷ್ಟೇ ಹೆದರಬೇಕು.

ಜುಲೈ ಎಲ್ಲರೂ ರಜೆ ಹಾಕಿ ಬರುವ ತಿಂಗಳು. ಪ್ರಾಣಿ ನೋಡಲು ಅಷ್ಟೇನೂ ಒಳ್ಳೆಯದಲ್ಲ. ಸೆಕೆ ಮತ್ತು ಸೊಳ್ಳೆಯ ಕಾಟಕ್ಕೆ ಕ್ಯಾರಿಬೂ ಎಂಬ ಹಿಮಸಾರಂಗಗಳು ಎತ್ತರದ ಇಳಿಜಾರಿನಲ್ಲಿ ಉಳಿದ ಹಿಮದ ತೇಪೆಗಳ ಮೇಲೆ ಹೋಗಿ ನಿಲ್ಲುತ್ತವೆ, ಕಾಡುಕುರಿಗಳೂ ಮೇಲೇರಿರುತ್ತವೆ. ಆಗ ರಸ್ತೆಬದಿ ಬಿಟ್ಟು ಬೆಟ್ಟದ ಮೇಲಿನ ಬಿಳಿ ತೇಪೆಗಳನ್ನೇ ದುರ್ಬೀನಿನಲ್ಲಿ ಜಾಲಾಡಬೇಕು. ಆಗಸ್ಟ್‌ನಲ್ಲಿ ಸೋಪ್‌ಬೆರಿ ಹಣ್ಣಾಗುತ್ತದೆ. ನದಿಯ ಜಲ್ಲಿದಂಡೆಗಳಲ್ಲಿ, ಬಯಲಾದ ಇಳಿಜಾರುಗಳಲ್ಲಿ ಕೆಂಪು ಕಾಯಿಯ ಪೊದೆ ಕಂಡರೆ ಅದು ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯ ಊಟದ ಮನೆ ಎಂದೇ ತಿಳಿದು ನಡೆದುಕೊಳ್ಳಿ.

ಎರಡು ವಾರ ಮಾತ್ರ ರಜೆ ಸಿಗುವುದಾದರೆ ಜೂನ್ ಮೊದಲ ಎರಡು ವಾರ ಅಥವಾ ಸೆಪ್ಟೆಂಬರ್ ಮೊದಲ ಎರಡು ವಾರ ಆರಿಸಿಕೊಳ್ಳಿ. ಸೆಪ್ಟೆಂಬರಿನಲ್ಲಿ ಸೊಳ್ಳೆ ಸತ್ತಿರುತ್ತದೆ, ಎಲೆ ಹಳದಿಯಾಗಿ ಉದುರುವುದರಿಂದ ಪೊದೆಯೊಳಗಿನ ಮೈ ಕಾಣುತ್ತದೆ, ತಿಂಗಳ ಕೊನೆಯ ಬೆದೆಗಾಲಕ್ಕೆ ಗಂಡು ಮೂಸ್‌ಗಳು ಬಯಲಿಗೆ ಬರತೊಡಗುತ್ತವೆ. ಆದರೆ ರಾತ್ರಿ ಸೊನ್ನೆಗಿಂತ ಕೆಳಗಿಳಿದರೆ ಆರ್‌ವಿಯ ನೀರಿನ ಪೈಪು ಒಡೆಯಬಹುದು. ಹೊರಗಿನ ನೀರಿನ ಹೋಸ್ ಬಿಚ್ಚಿ ಒಳಗಿಡಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು ಹೀಟರಿನ ಬಿಸಿಗಾಳಿ ಪೈಪಿಗೆ ತಾಕುವಂತೆ ಮಾಡಿ.

ಎಲ್ಲಿ ನಿಧಾನ ಮಾಡಬೇಕು

ಫೋರ್ಟ್ ನೆಲ್ಸನ್ ದಾಟಿ ಸುಮಾರು 140 ಕಿಲೋಮೀಟರಿಗೆ ಸ್ಟೋನ್ ಮೌಂಟನ್ ಪಾರ್ಕಿನ ಸಮಿಟ್ ಲೇಕ್ ಬರುತ್ತದೆ. 1,295 ಮೀಟರ್ ಎತ್ತರದ ಈ ಜಾಗವೇ ಇಡೀ ಹೆದ್ದಾರಿಯ ತುತ್ತತುದಿ. ಕ್ಯಾರಿಬೂ ಮತ್ತು ಬೂದುಗಪ್ಪು ಮೈಯ ಸ್ಟೋನ್ ಕುರಿಗಳು ರಸ್ತೆಗೇ ಇಳಿಯುತ್ತವೆ. ಮುಂದಿನ ಮಂಚೋ ಲೇಕ್ ಬಳಿಯಲ್ಲಂತೂ ಕುರಿಗಳು ಖನಿಜ ತುಂಬಿದ ಮಣ್ಣು ನೆಕ್ಕಲು ಬರುತ್ತವೆ. ನಮ್ಮ ಕಾಡುಗಳಲ್ಲಿ ಆನೆ, ಕಾಟಿಗಳು ಉಪ್ಪುನೆಲ ಹುಡುಕಿ ಬರುವ ಹಾಗೆಯೇ. ತೊಂದರೆ ಏನೆಂದರೆ, ಅವು ನಿಲ್ಲುವುದು ಬಂಡೆ ಕಡಿದು ಮಾಡಿದ ಕುರುಡು ತಿರುವುಗಳಲ್ಲಿ. ಕೆರೆಯ ಪಕ್ಕದ ಆ ತಿರುವುಗಳಲ್ಲಿ ಮುಂದೇನೂ ಇಲ್ಲ ಎನಿಸಿದರೂ 50ರ ವೇಗ ಮೀರಬೇಡಿ.

ಲಿಯಾರ್ಡ್ ನದಿಯ ಬಿಸಿನೀರಿನ ಬುಗ್ಗೆಗೆ ಹೋಗುವ ಮರದ ಹಲಗೆದಾರಿ ಜವುಗಿನ ಮೇಲೆ ಹಾಯುತ್ತದೆ. ಬೆಚ್ಚಗಿನ ಆ ನೀರಿನ ಗಿಡ ತಿನ್ನಲು ಮೂಸ್ ಬರುತ್ತದೆ. ಬೆಳಿಗ್ಗೆ ಬೇಗ, ಸ್ನಾನದವರು ಬರುವ ಮುಂಚೆ ಹೋಗಿ. ಲಿಯಾರ್ಡ್‌ನಿಂದ ವಾಟ್ಸನ್ ಲೇಕ್‌ವರೆಗೆ ರಸ್ತೆಬದಿಯ ಹುಲ್ಲಿನಲ್ಲಿ ವುಡ್ ಬೈಸನ್ ಹಿಂಡು. ನಾವು ನಾಗರಹೊಳೆಯಲ್ಲಿ ಕಾಟಿಯನ್ನು ಬೈಸನ್ ಎಂದು ಕರೆದು ರೂಢಿ, ಆದರೆ ಅದು ದನದ ಹತ್ತಿರದ ನೆಂಟ. ನಿಜವಾದ ಬೈಸನ್ ಇದು: ಭುಜದ ಮೇಲೆ ದೊಡ್ಡ ಗೂನು, ಗಡ್ಡ, ಹೋರಿಯ ತೂಕ 900 ಕೆಜಿಯವರೆಗೆ. ರಸ್ತೆಗೆ ಅಡ್ಡ ನಿಂತರೆ ಹಾರ್ನ್ ಹೊಡೆಯದೆ, ನುಗ್ಗದೆ, ದೂರದಲ್ಲೇ ನಿಂತು ಕಾಯಬೇಕು. ಬಾಲ ಮೇಲೆತ್ತಿದರೆ ಹಿಂದೆ ಸರಿಯಿರಿ.

ಯೂಕಾನಿನ ಕ್ಲುವಾನಿ ಕೆರೆಯ ದಕ್ಷಿಣ ತುದಿಯಲ್ಲಿರುವ ಶೀಪ್ ಮೌಂಟನ್ ಬಿಳಿ ಡಾಲ್ ಕುರಿಗಳ ಬೆಟ್ಟ. ವಸಂತದಲ್ಲೂ ಸೆಪ್ಟೆಂಬರಿನಲ್ಲೂ ರಸ್ತೆಯಿಂದಲೇ ಕಾಣುತ್ತವೆ. ನಡುಬೇಸಿಗೆಯಲ್ಲಿ ಬೆಟ್ಟದ ಹಿಂದಕ್ಕೆ ಸರಿದಿರುತ್ತವೆ. ಅಲ್ಲಿಂದ ಅಲಾಸ್ಕಾ ಗಡಿಯವರೆಗೆ ನೆಲದೊಳಗಿನ ಹಿಮ ಕರಗಿ ರಸ್ತೆ ಅಲೆಅಲೆಯಾಗಿ ಎದ್ದಿರುತ್ತದೆ. 60ಕ್ಕೆ ಇಳಿಯದಿದ್ದರೆ ಕಪಾಟಿನ ಪಾತ್ರೆಗಳೆಲ್ಲ ನೆಲಕ್ಕೆ.

ಹೊತ್ತು

ಜೂನ್ ಕೊನೆಯಲ್ಲಿ ಯೂಕಾನಿನ ವೈಟ್‌ಹಾರ್ಸ್ ಊರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 11:30ರ ಸುಮಾರಿಗೆ, ಹುಟ್ಟುವುದು ಬೆಳಗಿನ 4:30ರ ಸುಮಾರಿಗೆ. ಸಂಜೆ ಆರಕ್ಕೆ ಸಫಾರಿ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯದು. ಆರು ಗಂಟೆ ಇಲ್ಲಿ ಸುಡುಮಧ್ಯಾಹ್ನ. ಬೆಳಿಗ್ಗೆ 5ರಿಂದ 9ರವರೆಗೆ ಗಾಡಿ ಓಡಿಸಿ, ಮಧ್ಯಾಹ್ನ ಪರದೆ ಎಳೆದು ಮಲಗಿ, ರಾತ್ರಿ 9ರ ಮೇಲೆ ಕೆರೆದಂಡೆಯಲ್ಲಿ ಅಲ್ಲಾಡದೆ ಕೂರಿ. ರಾತ್ರಿ ಓಡಿಸಬೇಡಿ ಎನ್ನಲು ಇನ್ನೊಂದು ಕಾರಣವಿದೆ: ಹೆದ್ದಾರಿ ಸಾಗುವುದು ವಾಯವ್ಯಕ್ಕೆ, ಬೇಸಿಗೆಯಲ್ಲಿ ಸೂರ್ಯ ಮುಳುಗುವುದೂ ವಾಯವ್ಯಕ್ಕೆ. ಎರಡು ತಾಸು ಬಿಸಿಲು ನೇರ ಕಣ್ಣಿಗೆ. ಬೆಳಿಗ್ಗೆ ಅದೇ ಬಿಸಿಲು ಬೆನ್ನ ಕಡೆಯಿಂದ ಬಿದ್ದು ಎದುರಿನದೆಲ್ಲ ಬೆಳಗುತ್ತದೆ. ಸೆಪ್ಟೆಂಬರಿನ ಕತ್ತಲಲ್ಲಂತೂ ಓಡಿಸಲೇಬಾರದು. ಮೂಸ್‌ನ ಕಾಲು ಎಷ್ಟು ಉದ್ದವೆಂದರೆ ಹೆಡ್‌ಲೈಟ್ ಬೆಳಕು ಅದರ ಕಣ್ಣಿಗೆ ತಾಕದೆ ಹೊಟ್ಟೆಯ ಕೆಳಗೇ ಹಾದುಹೋಗಬಹುದು. ಕಣ್ಣು ಹೊಳೆಯುತ್ತದೆ ಎಂದು ಕಾಯುತ್ತಿದ್ದರೆ ಅಷ್ಟರಲ್ಲಿ ಡಿಕ್ಕಿಯಾಗಿರುತ್ತದೆ.

ನೋಡುವವರು, ಓಡಿಸುವವರು ಬೇರೆ ಬೇರೆ

ಆರ್‌ವಿಯ ಎತ್ತರದ ಸೀಟು ಚಲಿಸುವ ಅಟ್ಟಣೆ ಇದ್ದ ಹಾಗೆ; ಕಾರಿನಲ್ಲಿ ಕಾಣದ ಪೊದೆಯ ಆಚೆಗೂ ಕಾಣುತ್ತದೆ. ಇಲ್ಲಿ ಗಾಡಿ ಬಲಕ್ಕೆ ಓಡುವುದರಿಂದ ಬಲಗಡೆ ಕೂತವರಿಗೆ ಹತ್ತಿರದ ಹುಲ್ಲಂಚು ಸಿಗುತ್ತದೆ. ನೋಡುವ ಕೆಲಸ ಅವರದು, ಚಾಲಕರ ಕಣ್ಣು ರಸ್ತೆಯ ಮೇಲೆ ಮಾತ್ರ. ದಿಕ್ಕು ಹೇಳಲು ಗಡಿಯಾರದ ಲೆಕ್ಕ ಬಳಸಿ: ನೇರ ಮುಂದೆ ಹನ್ನೆರಡು, ಬಲಕ್ಕೆ ಮೂರು. "ಅಲ್ಲಿ ನೋಡು, ಅಲ್ಲಿ" ಎಂದು ಕೂಗಿದರೆ ಚಾಲಕರು ಬ್ರೇಕ್ ಒತ್ತಿ ತಿರುಗಿ ನೋಡುತ್ತಾರೆ, ಹಿಂದೆ ಮರದ ದಿಮ್ಮಿ ತುಂಬಿದ ಲಾರಿ ಬರುತ್ತಿರುತ್ತದೆ.

ಕಂಡ ಕೂಡಲೇ ನಿಲ್ಲಿಸದೆ ಮುಂದೆ ಹೋಗಿ. ಕಿಲೋಮೀಟರ್ ಕಂಬದ ಸಂಖ್ಯೆ ನೆನಪಿಟ್ಟುಕೊಂಡು, ಮುಂದಿನ ಪುಲ್‌ಔಟ್‌ನಲ್ಲಿ, ಅಂದರೆ ರಸ್ತೆಬದಿ ಗಾಡಿ ನಿಲ್ಲಿಸಲು ಬಿಟ್ಟ ಜಾಗದಲ್ಲಿ, ತಿರುಗಿಸಿ, ನಿಧಾನವಾಗಿ ವಾಪಸು ಬನ್ನಿ. ಮೇಯುತ್ತಿರುವ ಕರಡಿ ಸಾಮಾನ್ಯವಾಗಿ ಅಷ್ಟರಲ್ಲಿ ಹೋಗಿರುವುದಿಲ್ಲ. ರಸ್ತೆಯಂಚಿನ ಜಲ್ಲಿ ಮೆತ್ತಗಿರುತ್ತದೆ. ನಾಲ್ಕೈದು ಟನ್ನಿನ ಗಾಡಿಯ ಬಲಚಕ್ರ ಹುಗಿದರೆ ಎಳೆಸುವುದಕ್ಕೆ ಇಡೀ ದಿನ ಬೇಕು, ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ತಿರುವು ಮತ್ತು ದಿಬ್ಬದ ತಲೆ ಬಿಟ್ಟು, ಎರಡೂ ಕಡೆ ದೂರದವರೆಗೆ ಕಾಣುವ ಜಾಗದಲ್ಲಿ ಮಾತ್ರ ನಿಲ್ಲಿ. ಎಂಜಿನ್ ಆರಿಸಿ, ಕೆಳಗಿಳಿಯಬೇಡಿ, ಐದು ನಿಮಿಷಕ್ಕೆ ಹೊರಡಿ. ಪ್ರಾಣಿ ಮೇವು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ ಐದು ನಿಮಿಷವೂ ಹೆಚ್ಚಾಯಿತು ಎಂದರ್ಥ.

ಗಾಡಿಯಿಂದ ಹೊರಗಿದ್ದಾಗ ಕರಡಿ, ತೋಳಗಳಿಂದ ಕನಿಷ್ಠ 100 ಮೀಟರ್, ಮೂಸ್, ಕುರಿ, ಕ್ಯಾರಿಬೂಗಳಿಂದ 30 ಮೀಟರ್ ದೂರವಿರಬೇಕು ಎನ್ನುತ್ತದೆ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ. ಅಳೆಯಲು ಸುಲಭ ದಾರಿ: ಕೈ ನೀಳವಾಗಿ ಚಾಚಿ ಒಂದು ಕಣ್ಣು ಮುಚ್ಚಿ ಹೆಬ್ಬೆರಳೆತ್ತಿ. ಪ್ರಾಣಿ ಪೂರ್ತಿ ಬೆರಳ ಹಿಂದೆ ಮರೆಯಾಗದಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ.

ದುರ್ಬೀನು ಮತ್ತು ಗುರುತು

8×42 ದುರ್ಬೀನು ಸಾಕು: 8 ಎಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, 42 ಎಂದರೆ ಮುಂಗಾಜಿನ ಅಗಲ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ. ಮಬ್ಬಿನಲ್ಲಿ ಅಷ್ಟು ಬೇಕೇ ಬೇಕು. 12 ಪಟ್ಟು ದೊಡ್ಡದಾಗಿ ತೋರಿಸುವುದನ್ನು ತಂದರೆ ಕೈ ನಡುಕವೂ 12 ಪಟ್ಟಾಗುತ್ತದೆ. ಒಂದು ಕೆಜಿ ಅಕ್ಕಿಯನ್ನು ಗಟ್ಟಿ ಬಟ್ಟೆಯ ಚೀಲದಲ್ಲಿ ಹೊಲಿದು ಕಿಟಕಿಯ ಅಂಚಿಗೆ ಹಾಕಿ, ಗಾಜು ಇಳಿಸಿ, ಅದರ ಮೇಲೆ ದುರ್ಬೀನೋ ಕ್ಯಾಮೆರಾವೋ ಇಡಿ. ಒಳಗೆ ಯಾರಾದರೂ ಓಡಾಡಿದರೆ ಇಡೀ ಆರ್‌ವಿ ತೂಗುತ್ತದೆ, ಆಗ ಎಲ್ಲರೂ ಕೂರಬೇಕು.

ಕಾಡಿನಲ್ಲಿ ಮರಗಳೆಲ್ಲ ನೆಟ್ಟಗೆ ನಿಂತ ಗೆರೆಗಳು. ಹುಡುಕಬೇಕಾದದ್ದು ಅಡ್ಡಗೆರೆಯನ್ನು: ಮೂಸ್‌ನ ಬೆನ್ನು. ಬೆಟ್ಟವಾದರೆ ಬುಡದಿಂದ ಮೇಲಕ್ಕೆ ಪಟ್ಟಿಪಟ್ಟಿಯಾಗಿ ನೋಡುತ್ತ ಹೋಗಿ. ಬಿಳಿ ಚುಕ್ಕೆ ಹಿಮವೋ ಕುರಿಯೋ ಎಂದು ಅನುಮಾನ ಬಂದರೆ ಪಕ್ಕದ ಬಂಡೆಯೊಂದನ್ನು ಗುರುತಿಟ್ಟು ಎರಡು ನಿಮಿಷ ಬಿಟ್ಟು ನೋಡಿ. ಕೊಂಬು ಕಂದುಹಳದಿಯಾಗಿ ಸುರುಳಿ ಸುತ್ತಿದ್ದರೆ ಡಾಲ್ ಟಗರು; ಕಪ್ಪಗೆ ಚೂರಿಯಂತೆ ಇದ್ದು ಗಡ್ಡವಿದ್ದರೆ ಬೆಟ್ಟದ ಮೇಕೆ.

ಕರಡಿಯ ಬಣ್ಣ ನಂಬಬೇಡಿ. ಕರಿ ಕರಡಿ ಕಂದು, ದಾಲ್ಚಿನ್ನಿ ಬಣ್ಣದಲ್ಲೂ ಇರುತ್ತದೆ. ಭುಜದ ಮೇಲೆ ಗುಬಟು, ಹಣೆಯಿಂದ ಮೂತಿಗೆ ತಗ್ಗಿದ ಮುಖ, ಚಿಕ್ಕ ದುಂಡು ಕಿವಿ, ಬೆರಳಿಗಿಂತ ಮುಂದೆ ಚಾಚಿದ ಉದ್ದ ಉಗುರು ಕಂಡರೆ ಗ್ರಿಜ್ಲಿ. ನೇರ ಮುಖ, ಎದ್ದು ಕಾಣುವ ಕಿವಿ, ಭುಜಕ್ಕಿಂತ ಎತ್ತರದ ಹಿಂಭಾಗ ಇದ್ದರೆ ಕರಿ ಕರಡಿ.

ಅಡುಗೆ

ಇಲ್ಲಿ ತಪ್ಪಿದರೆ ದಂಡ ತೆರುವುದು ಕರಡಿ. ಮನುಷ್ಯರ ಊಟದ ರುಚಿ ಒಮ್ಮೆ ಹತ್ತಿದ ಕರಡಿ ಮತ್ತೆ ಮತ್ತೆ ಕ್ಯಾಂಪಿಗೆ ಬರುತ್ತದೆ, ಕೊನೆಗೆ ಅದನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಒಗ್ಗರಣೆಯ ವಾಸನೆ ನಮಗೆ ಹಿತ, ಕರಡಿಗೆ ಮೈಲಿಗಳಾಚೆಗೂ ಕರೆ. ಆರ್‌ವಿಯೊಳಗೇ ಅಡುಗೆ ಮಾಡಿ. ಅಕ್ಕಿ ತೊಳೆದ ನೀರು, ಸಾರಿನ ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಚೆಲ್ಲಬೇಡಿ. ಅದು ಗಾಡಿಯ ಟ್ಯಾಂಕಿಗೆ ಹೋಗಿ, ಕೊಳೆನೀರು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲೇ ಖಾಲಿಯಾಗಬೇಕು. ಬಾರ್ಬೆಕ್ಯೂ ಸರಳು, ಕೂಲರ್, ನಾಯಿಯ ತಟ್ಟೆ, ಉಪ್ಪಿನಕಾಯಿ ಜಾಡಿ, ಟೂತ್‌ಪೇಸ್ಟ್ ಯಾವುದೂ ರಾತ್ರಿ ಹೊರಗಿರಬಾರದು. ಕಸ ಕರಡಿ ತೆರೆಯಲಾಗದ ಕಬ್ಬಿಣದ ತೊಟ್ಟಿಗೆ ಮಾತ್ರ.

ನಡೆಯಲು ಇಳಿದಾಗ ಬೇರ್ ಸ್ಪ್ರೇ, ಅಂದರೆ ಕರಡಿಯನ್ನು ತಡೆಯುವ ಮೆಣಸಿನ ಖಾರದ ಸ್ಪ್ರೇ, ಬ್ಯಾಗಿನೊಳಗಲ್ಲ, ಸೊಂಟದ ಮೇಲಿರಲಿ. ವಿಮಾನದಲ್ಲಿ ಚೆಕ್-ಇನ್ ಲಗೇಜಿನಲ್ಲೂ ಒಯ್ಯುವಂತಿಲ್ಲ. ಅಲ್ಲೇ ಕೊಂಡು ಮೇಲಿನ ಅವಧಿ ದಿನಾಂಕ ನೋಡಿ. ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಸಿಡಿಯಬಹುದು. ಸೊಳ್ಳೆಯ ಔಷಧದಂತೆ ಬಟ್ಟೆಗೆ ಸಿಂಪಡಿಸುವ ವಸ್ತು ಅದಲ್ಲ. ಕರಡಿ ನುಗ್ಗಿ ಬಂದರೆ ಸೇಫ್ಟಿ ಕ್ಲಿಪ್ ತೆಗೆದು, ಎಂಟೊಂಬತ್ತು ಮೀಟರಿಗೆ ಬಂದಾಗ ಅದರ ಮುಖದ ಮುಂದೆ, ತುಸು ಕೆಳಕ್ಕೆ ಗುರಿಯಿಟ್ಟು ಒತ್ತಬೇಕು. ಓಡಬಾರದು. ಮೂಸ್ ಕಿವಿ ಹಿಂದಕ್ಕೆ ಮಲಗಿಸಿ ಕತ್ತಿನ ಕೂದಲು ನಿಮಿರಿಸಿದರೆ ಮಾತ್ರ ಓಡಿ, ದಪ್ಪ ಮರದ ಹಿಂದೆ ನಿಲ್ಲಿ. ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತ ನಡೆಯುವುದು ಗೆಜ್ಜೆ ಕಟ್ಟಿಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಭಾಷೆ ಕನ್ನಡವಾದರೂ ಕರಡಿಗೆ ಅರ್ಥವಾಗುವುದು ಮನುಷ್ಯರು ಬರುತ್ತಿದ್ದಾರೆ ಎಂದೇ.

ಡೆನಾಲಿಗೆ ಮುಂದುವರಿಯುವುದಾದರೆ

ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಪಾರ್ಕಿನ ರಸ್ತೆಯಲ್ಲಿ ಸ್ವಂತ ಗಾಡಿಗೆ ಬೇಸಿಗೆಯಲ್ಲಿ ಬಿಡುವುದು 15ನೇ ಮೈಲಿಯ ಸಾವೇಜ್ ನದಿಯವರೆಗೆ. ಇದಕ್ಕೆ ಒಂದು ಹೊರತು 29ನೇ ಮೈಲಿಯ ಟೆಕ್ಲನಿಕಾ ಕ್ಯಾಂಪ್‌ಗ್ರೌಂಡ್: ಆರ್‌ವಿ ಒಯ್ಯಬಹುದು, ಆದರೆ ಕನಿಷ್ಠ ಮೂರು ರಾತ್ರಿ ತಂಗಬೇಕು, ಅಷ್ಟೂ ದಿನ ಗಾಡಿ ಕದಲಿಸುವಂತಿಲ್ಲ. ಅಲ್ಲಿಂದ ಓಡಾಟವೆಲ್ಲ ಪಾರ್ಕಿನ ಬಸ್ಸಿನಲ್ಲಿ. 2021ರ ಆಗಸ್ಟ್‌ನಲ್ಲಿ ಪ್ರಿಟಿ ರಾಕ್ಸ್ ಬಳಿ ಭೂಕುಸಿತವಾಗಿ ಬಸ್ಸುಗಳು 43ನೇ ಮೈಲಿಗೇ ನಿಲ್ಲುವಂತಾಯಿತು; ಬುಕ್ ಮಾಡುವ ಮುಂಚೆ ಈ ವರ್ಷ ಬಸ್ಸು ಎಲ್ಲಿಯವರೆಗೆ ಎಂದು ಪಾರ್ಕಿನ ಜಾಲತಾಣದಲ್ಲಿ ನೋಡಿಕೊಳ್ಳಿ. ಇಲ್ಲಿನ ಅಂತರದ ನಿಯಮವೂ ಬಿಗಿ: ಕರಡಿಯಿಂದ 300 ಗಜ. ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ, ಅಕ್ಕಿಯ ಚೀಲವನ್ನೂ ಜೊತೆಗೊಯ್ಯಿರಿ. ಬಸ್ಸಿನ ಕಿಟಕಿಗೂ ಅದು ಸರಿಹೊಂದುತ್ತದೆ.