ಕರೆಂಟ್ ಬಂದರೂ ಸರ್ವರ್ ಏಳದಿದ್ದರೆ

ಮಳೆ ಹಿಡಿದರೆ ಮಲೆನಾಡಿನ ಕರೆಂಟ್ ಕತೆ ಗೊತ್ತೇ ಇದೆಯಲ್ಲ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ಸಿಲ್ವರ್ ಮರದ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಮುಗಿಯಿತು. ಈಗ ತೋಟದ ಆಫೀಸಿನಲ್ಲಿ, ಹೋಂಸ್ಟೇಯಲ್ಲಿ ಹಳೇ ಲ್ಯಾಪ್‌ಟಾಪನ್ನೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೋ ಸರ್ವರ್ ಮಾಡಿಕೊಂಡು, ನೆಕ್ಸ್ಟ್‌ಕ್ಲೌಡ್ (ಫೈಲುಗಳನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಆ್ಯಪ್) ಹಾಕಿ ಹಾಜರಿ, ಬಿಲ್ಲು, ಫೋಟೋ ಎಲ್ಲ ಅದರಲ್ಲೇ ಇಟ್ಟುಕೊಂಡವರಿದ್ದಾರೆ. ಕರೆಂಟ್ ಬರುತ್ತದೆ, ದೀಪ ಮಿಣುಕುತ್ತದೆ, ಆ್ಯಪ್ ಮಾತ್ರ ತೆರೆಯುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಬಂದು ‘ಸಾರ್, ಹಾಜರಿ ಓಪನ್ ಆಗ್ತಿಲ್ಲ’ ಅನ್ನುತ್ತಾರೆ.

ಆಗ ಆಫ್-ಆನ್ ಮಾಡುತ್ತಾ ಕೂರಬೇಡಿ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೋಗುವುದಂತೂ ಬೇಡವೇ ಬೇಡ. ಏನು ಕೆಟ್ಟಿದೆ ಅಂತ ಸರ್ವರ್ ತಾನೇ ಬರೆದಿಟ್ಟಿರುತ್ತದೆ, ಅದಕ್ಕೆ ಲಾಗ್ ಅನ್ನುತ್ತಾರೆ, ಅದನ್ನು ಓದಬೇಕು ಅಷ್ಟೇ.

ಮೊದಲು ಲಾಗ್

ಆ್ಯಪನ್ನು ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಕಂಟೇನರ್ ಎಂಬ ಬೇರೆಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಹಾಕಿದ್ದರೆ ಟರ್ಮಿನಲ್‌ನಲ್ಲಿ ‘ಡಾಕರ್ ಪಿಎಸ್ ಹೈಫನ್ ಎ’ ಕಮಾಂಡ್ ಕೊಡಿ. ಆ ‘ಹೈಫನ್ ಎ’ ಬಿಟ್ಟರೆ ಓಡುತ್ತಿರುವ ಕಂಟೇನರ್ ಮಾತ್ರ ಕಾಣುತ್ತದೆ, ನಮಗೆ ಬೇಕಾಗಿರುವುದು ನಿಂತುಹೋಗಿರುವುದು. ಅದರ ಮುಂದೆ ‘ಎಕ್ಸಿಟೆಡ್’ ಅಂತ ಬರೆದು ಒಂದು ನಂಬರ್ ಇರುತ್ತದೆ. 1 ಇದ್ದರೆ ಆ್ಯಪೇ ಏನೋ ಸರಿಯಿಲ್ಲ ಅಂತ ನಿಂತಿದೆ. 137 ಇದ್ದರೆ ಅದನ್ನು ಬಲವಂತವಾಗಿ ಕೊಲ್ಲಲಾಗಿದೆ (128ಕ್ಕೆ ಕಿಲ್ ಸಿಗ್ನಲ್‌ನ 9 ಸೇರಿಸಿದ ಲೆಕ್ಕ), ಹೆಚ್ಚಾಗಿ ರ್‍ಯಾಮ್ ಸಾಲದೆ ಹೀಗಾಗುತ್ತದೆ.

ಆಮೇಲೆ ‘ಡಾಕರ್ ಲಾಗ್ಸ್’ ಎಂದು ಹೊಡೆದು ಕಂಟೇನರ್ ಹೆಸರು ಕೊಡಿ. ಡಾಕರ್ ಇಲ್ಲದಿದ್ದರೆ ‘ಜರ್ನಲ್‌ಸಿಟಿಎಲ್ ಹೈಫನ್ ಯು’ ಹೊಡೆದು ಸರ್ವಿಸ್ ಹೆಸರು. ಪರದೆ ತುಂಬ ಸಾಲು ಬಂದರೆ ಗಾಬರಿಯಾಗಬೇಡಿ. ಮೊದಲು ಕಾಣುವ ‘ಎರರ್’ ಅಥವಾ ‘ಫೇಟಲ್’ ಸಾಲು ಹುಡುಕಿ, ಕೆಳಗಿನದ್ದು ಬಹುಪಾಲು ಅದರಿಂದಲೇ ಆಗಿದ್ದು.

ಡೇಟಾಬೇಸ್ ಕಂಟೇನರ್ ಬೇರೆ ಇದ್ದರೆ ಅದರ ಲಾಗ್ ಕೂಡ ನೋಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ‘ಸರಿಯಾಗಿ ಶಟ್‌ಡೌನ್ ಆಗಿಲ್ಲ, ಆಟೊಮ್ಯಾಟಿಕ್ ರಿಕವರಿ ನಡೆಯುತ್ತಿದೆ’ ಎಂಬರ್ಥದ ಸಾಲು ಇಂಗ್ಲಿಷಿನಲ್ಲಿ ಬಂದಿದ್ದರೆ ಅದು ತೊಂದರೆಯಲ್ಲ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಕೆಲಸವನ್ನು ಅದು ಸರಿಮಾಡಿಕೊಳ್ಳುತ್ತಿದೆ. ಒಂದು ಲೋಟ ಕಾಫಿ ಕುಡಿದು ಬನ್ನಿ. ಆ ಹೊತ್ತಿನಲ್ಲೇ ಮತ್ತೆ ಸ್ವಿಚ್ ಆಫ್ ಮಾಡಿದರೆ ಕೆಲಸ ಮೊದಲಿಂದ ಶುರು.

ಹಾರ್ಡ್ ಡಿಸ್ಕ್ ನಿಜವಾಗಲೂ ಇದೆಯಾ?

ನನ್ನ ಕೇಳಿದರೆ ನಮ್ಮ ಕಡೆ ಜಾಸ್ತಿ ಅನುಮಾನ ಪಡಬೇಕಾಗಿರುವುದು ಇದನ್ನೇ. ಫೈಲ್‌ಗಳೆಲ್ಲ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ. ಕರೆಂಟ್ ಬಂದಾಗ ಡಿಸ್ಕ್ ತಿರುಗಿ ಸಿದ್ಧವಾಗುವ ಮುಂಚೆ ಆ್ಯಪ್ ಶುರುವಾಗಿಬಿಡುತ್ತದೆ, ಅಥವಾ ಡಿಸ್ಕ್ ಮೌಂಟ್ ಆಗಿರುವುದೇ ಇಲ್ಲ (ಅಂದರೆ ಸಿಸ್ಟಂ ಅದನ್ನು ಒಂದು ಫೋಲ್ಡರ್‌ಗೆ ಜೋಡಿಸಿಕೊಂಡಿರುವುದಿಲ್ಲ). ಫೋಲ್ಡರ್ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ, ಖಾಲಿಯಾಗಿ. ಬಾಗಿಲು ಇದೆ, ಹಿಂದೆ ಮನೆ ಇಲ್ಲ. ನೆಕ್ಸ್ಟ್‌ಕ್ಲೌಡ್ ಡೇಟಾ ಫೋಲ್ಡರ್‌ನಲ್ಲಿ ತನ್ನದೊಂದು ಗುರುತಿನ ಫೈಲ್ ಇದೆಯಾ ಅಂತ ನೋಡುತ್ತದೆ, ಸಿಗದಿದ್ದರೆ ‘ಡೇಟಾ ಡೈರೆಕ್ಟರಿ ಸರಿಯಿಲ್ಲ’ ಅನ್ನುತ್ತದೆ. ಆ ಫೈಲನ್ನು ಕೈಯಾರೆ ಮಾಡಿಟ್ಟುಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡದೆ ಹಾಗೆ ಮಾಡಿದರೆ, ಆ್ಯಪ್ ಖಾಲಿ ಫೋಲ್ಡರನ್ನೇ ನಿಜವೆಂದು ನಂಬಿ ಹೊಸ ಫೈಲುಗಳನ್ನು ಪೈಯ ಸಿಸ್ಟಂ ಇರುವ ಎಸ್‌ಡಿ ಕಾರ್ಡ್‌ಗೆ ಬರೆಯಲು ಶುರು ಮಾಡುತ್ತದೆ. ಆಮೇಲೆ ಎರಡು ಕಡೆಯದನ್ನು ಸೇರಿಸುವ ಪಾಡು ಯಾರಿಗೂ ಬೇಡ.

‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್ ಕೊಟ್ಟರೆ ಡಿಸ್ಕ್ ಕಾಣುತ್ತದೆಯಾ, ಎಲ್ಲಿ ಮೌಂಟ್ ಆಗಿದೆ ಎಲ್ಲ ಗೊತ್ತಾಗುತ್ತದೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್, ಅಡಾಪ್ಟರ್ ನೋಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಬೇಕು, ಮನೆಯಲ್ಲಿ ಬಿದ್ದಿದ್ದ ಯಾವುದೋ ಫೋನ್ ಚಾರ್ಜರ್ ಸಾಲದು. ಡಿಸ್ಕ್ ಇದ್ದೂ ಮೌಂಟ್ ಆಗದಿದ್ದರೆ ಕಂಟೇನರ್ ನಿಲ್ಲಿಸಿ, ಮೌಂಟ್ ಮಾಡಿ, ಆಮೇಲೆ ಶುರು ಮಾಡಿ. ಈ ಕ್ರಮ ತಪ್ಪಬಾರದು.

ಉಳಿದವು

‘ಡಿಎಫ್ ಹೈಫನ್ ಎಚ್’ ಕೊಟ್ಟು ಜಾಗ ನೋಡಿ. ಶೇ 100 ತುಂಬಿದ್ದರೆ ಡೇಟಾಬೇಸ್ ಏಳುವುದಿಲ್ಲ. ಡಾಕರ್ ತನ್ನ ಲಾಗ್‌ಗೆ ತಾನಾಗಿ ಮಿತಿ ಹಾಕಿಕೊಳ್ಳುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ‘ಮ್ಯಾಕ್ಸ್ ಸೈಜ್’ ಸೆಟ್ಟಿಂಗ್ ನೀವೇ ಕೊಡಬೇಕು.

ಲಾಗ್‌ನಲ್ಲಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಕಂಡರೆ ಆ್ಯಪ್‌ಗೆ ಬೇಕಾದ ಪೋರ್ಟನ್ನು (ನೆಟ್‌ವರ್ಕ್‌ನ ಬಾಗಿಲ ನಂಬರ್ ಇದ್ದಂತೆ) ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿದೆ. ‘ಎಸ್‌ಎಸ್ ಹೈಫನ್ ಎಲ್‌ಟಿಎನ್‌ಪಿ’ ಅನ್ನು ಸುಡೊ (ಅಡ್ಮಿನ್ ಅಧಿಕಾರ ಕೊಡುವ ಪದ) ಸೇರಿಸಿ ಕೊಟ್ಟರೆ ಯಾವುದು ಅಂತ ಹೆಸರು ಸಮೇತ ಹೇಳುತ್ತದೆ.

ಕರೆಂಟ್ ತಪ್ಪೇ ಅಲ್ಲದ ಕೇಸ್ ಒಂದಿದೆ. ಇಮೇಜ್ (ಡಾಕರ್ ಕಂಟೇನರ್ ಮಾಡಿಕೊಳ್ಳುವ ಮೂಲ ಪ್ಯಾಕೇಜ್) ಹೆಸರಿನ ಮುಂದೆ ಆವೃತ್ತಿ ನಂಬರಿನ ಬದಲು ‘ಲೇಟೆಸ್ಟ್’ ಅಂತ ಬರೆದಿಟ್ಟು ಸುಮ್ನೆ ಅಪ್‌ಡೇಟ್ ಕೊಟ್ಟಿರುತ್ತೀರಿ. ಪೋಸ್ಟ್‌ಗ್ರೆಸ್ 15ರ ಫೈಲುಗಳನ್ನು 16 ಹಾಗೇ ಓದುವುದಿಲ್ಲ. ನೆಕ್ಸ್ಟ್‌ಕ್ಲೌಡ್ ಕೂಡ ಒಂದು ದೊಡ್ಡ ಆವೃತ್ತಿ ಬಿಟ್ಟು ಇನ್ನೊಂದಕ್ಕೆ ಜಿಗಿಯಲು ಬಿಡುವುದಿಲ್ಲ, ಸ್ಟಾರ್ಟ್ ಆಗುವುದಿಲ್ಲ ಅಂತ ಲಾಗ್‌ನಲ್ಲೇ ಹೇಳುತ್ತದೆ. ಹಳೇ ನಂಬರನ್ನೇ ವಾಪಸ್ ಬರೆದರೆ ಆ್ಯಪ್ ಏಳುತ್ತದೆ. ಮೇಲಕ್ಕೆ ಹೋಗುವುದಾದರೆ ಬ್ಯಾಕಪ್ ತೆಗೆದು ಒಂದೊಂದೇ ಮೆಟ್ಟಿಲು ಹತ್ತಿ.

ಎದ್ದ ಮೇಲೆ ಇನ್ನೊಂದು ಕೆಲಸ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಫೈಲ್) ಡಿಸ್ಕನ್ನು ಯುಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ ಕೊಟ್ಟು ಬರೆಯಿರಿ, ‘ಎಸ್‌ಡಿಎ’ ‘ಎಸ್‌ಡಿಬಿ’ ಹೆಸರುಗಳು ಅದಲುಬದಲಾಗುತ್ತವೆ. ಡಾಕರ್ ಸರ್ವಿಸ್‌ಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಸಾಲಿನಲ್ಲಿ ಆ ಫೋಲ್ಡರ್ ಹೆಸರು ಸೇರಿಸಿದರೆ, ಡಿಸ್ಕ್ ಬರುವವರೆಗೆ ಡಾಕರ್ ಕಾಯುತ್ತದೆ. ಇಷ್ಟಾದ ಮೇಲೆ ಮಳೆ ಇಲ್ಲದ ದಿನ ನೀವೇ ಒಮ್ಮೆ ರೀಬೂಟ್ ಮಾಡಿ, ಯಾವುದನ್ನೂ ಮುಟ್ಟದೆ ಫೋನಿನಲ್ಲಿ ಹಾಜರಿ ತೆರೆಯುತ್ತದಾ ನೋಡಿ.