ಹೊಡೆಯುವುದಲ್ಲ, ಗುರುತಿಸುವುದೇ ಕಷ್ಟ: ಕ್ಷಿಪಣಿ ತಡೆಯನ್ನು ಲೆಕ್ಕ ಹಾಕಿ ನೋಡಿದ ನನ್ನ ಅನುಭವ

ಅಣ್ವಸ್ತ್ರ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ಬಗ್ಗೆ ಪರ-ವಿರೋಧದ ವಾದಗಳನ್ನು ಓದಿ ಓದಿ ಬೇಸತ್ತು, ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ನಾನೇ ಲೆಕ್ಕ ಹಾಕಲು ಕುಳಿತೆ. ಇದಕ್ಕೆ ರಹಸ್ಯ ಮಾಹಿತಿಯೇನೂ ಬೇಕಿಲ್ಲ. ನ್ಯೂಟನ್ನನ ಗುರುತ್ವ ನಿಯಮ, ದುಂಡಗಿನ ಭೂಮಿ, ಮೇಲೆ ಹೋದಂತೆ ತೆಳುವಾಗುವ ಗಾಳಿ ಇದ್ದರೆ ಸಾಕು. ಭೂಮಿಯ ತಿರುಗುವಿಕೆಯನ್ನು ಬದಿಗಿಟ್ಟೆ.

10,000 ಕಿ.ಮೀ. ದೂರದ ಗುರಿಗೆ ಅತಿ ಕಡಿಮೆ ಶಕ್ತಿ ಬೇಡುವ ಪಥವನ್ನು ಆಯ್ದುಕೊಂಡೆ. ಸೆಕೆಂಡಿಗೆ 7.2 ಕಿ.ಮೀ. ವೇಗ, ಸುಮಾರು 1,300 ಕಿ.ಮೀ. ಎತ್ತರ, 32 ನಿಮಿಷಗಳ ಹಾರಾಟ ಎಂಬ ಉತ್ತರ ಬಂತು. ಪಥದ ತುತ್ತತುದಿಯಲ್ಲೂ ಸಿಡಿತಲೆ, ಅಂದರೆ ಕ್ಷಿಪಣಿ ಹೊತ್ತೊಯ್ಯುವ ಬಾಂಬು, ಸೆಕೆಂಡಿಗೆ ಐದೂವರೆ ಕಿ.ಮೀ. ಓಡುತ್ತಿರುತ್ತದೆ. ಅಡ್ಡ ಹಾಯುವ ಪ್ರತಿಕ್ಷಿಪಣಿ ಒಂದು ಮಿಲಿಸೆಕೆಂಡು ತಡವಾಗಿ ತಲುಪಿದರೂ ಸಿಡಿತಲೆ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ.

ಅಸಾಧ್ಯ ಎನಿಸುತ್ತದೆ. ಆದರೆ ಇದು ಆಗಿಹೋದ ಕೆಲಸ. 1961ರ ಮಾರ್ಚ್ 4ರಂದು ಸೋವಿಯತ್ ಒಕ್ಕೂಟ ಸಾರಿ ಶಗಾನ್ ಎಂಬ ಕ್ಷಿಪಣಿ ಪರೀಕ್ಷಾ ವಲಯದಲ್ಲಿ ತನ್ನದೇ ಕ್ಷಿಪಣಿಯ ಸಿಡಿತಲೆಯನ್ನು ಹೊಡೆದಿತ್ತು. ಅಮೆರಿಕ 1984ರ ಜೂನ್‌ನಲ್ಲಿ ಸ್ಫೋಟಕವಿಲ್ಲದೆ, ಬರೀ ಡಿಕ್ಕಿಯಿಂದಲೇ ಒಂದನ್ನು ನಾಶಮಾಡಿತು. ಅಷ್ಟು ನಿಖರತೆ ಕೈಗೆಟುಕುವ ಮೊದಲು ಪ್ರತಿಕ್ಷಿಪಣಿಗೇ ಅಣುಬಾಂಬು ಕಟ್ಟುತ್ತಿದ್ದರು. ಅಮೆರಿಕದ ಸ್ಪಾರ್ಟನ್ ಎಂಬ ಪ್ರತಿಕ್ಷಿಪಣಿ ಹೊತ್ತಿದ್ದು 5 ಮೆಗಾಟನ್, ಅಂದರೆ 50 ಲಕ್ಷ ಟನ್ ಟಿಎನ್‌ಟಿಗೆ ಸಮನಾದ ಬಾಂಬು. ಅಂಥ ಸ್ಫೋಟ ಗಾಳಿಯನ್ನು ಅಯಾನೀಕರಿಸಿ (ಅದರ ಕಣಗಳಿಗೆ ವಿದ್ಯುದಾವೇಶ ಬರಿಸಿ) ತನ್ನದೇ ರಾಡಾರ್‌ಗಳ ಕಣ್ಣು ಕಟ್ಟುತ್ತಿತ್ತು ಎಂಬುದು ಬೇರೆ ಮಾತು.

ನನ್ನನ್ನು ನಿಜವಾಗಿ ಕಾಡಿದ್ದು ಬಲೂನು, ಅಂದರೆ ಪ್ರತಿಕ್ಷಿಪಣಿಯನ್ನು ಮೋಸಗೊಳಿಸಲು ಸಿಡಿತಲೆಯ ಜೊತೆ ಬಿಡುವ ಹುಸಿ ಗುರಿ. ಪ್ರೋಗ್ರಾಂನಲ್ಲಿ ಸಿಡಿತಲೆಯ ಜೊತೆಗೆ ಅರ್ಧ ಕಿಲೋ ತೂಕದ, ಒಂದು ಮೀಟರ್ ಅಗಲದ ಬಲೂನನ್ನೂ ಹಾರಿಬಿಟ್ಟೆ. ತೆರೆಯ ಮೇಲೆ ಎರಡು ಗೆರೆ ಕಾಣಬೇಕು, ಕಂಡದ್ದು ಒಂದೇ. ಗಾಳಿಯಿಲ್ಲದ ಕಡೆ ಹಗುರಕ್ಕೂ ಭಾರಕ್ಕೂ ಭೇದವಿಲ್ಲ ಎಂದು ಶಾಲೆಯಲ್ಲಿ ಕಲಿತದ್ದೇ, ಆದರೂ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಕಾಲ ಎರಡೂ ಒಂದರ ಮೇಲೊಂದು ಕೂತಿದ್ದನ್ನು ನೋಡಿದಾಗ ಪಾಠದ ಬಿಸಿ ತಟ್ಟಿತು. ಇಳಿಯುತ್ತಾ 120 ಕಿ.ಮೀ. ಆಸುಪಾಸಿನಲ್ಲಿ ಬಲೂನು ತುಸು ಹಿಂಜರಿಯಿತು, 80 ಕಿ.ಮೀ. ಹೊತ್ತಿಗೆ ಅದರ ವೇಗ ಕುಸಿದು ಗೆರೆಗಳು ಬೇರೆಯಾದವು. ಆಗ ಉಳಿದಿದ್ದ ಸಮಯ ಸುಮಾರು ಅರ್ಧ ನಿಮಿಷ. ಸಿಡಿತಲೆಯನ್ನೇ ಬಲೂನಿನೊಳಗೆ ಇಟ್ಟರೆ ರಾಡಾರ್‌ಗೆ ಇನ್ನಷ್ಟು ಗೊಂದಲ. ಅಮೆರಿಕದ ಭೌತವಿಜ್ಞಾನಿಗಳಾದ ಹಾನ್ಸ್ ಬೆಥೆ ಮತ್ತು ರಿಚರ್ಡ್ ಗಾರ್ವಿನ್ 1968ರಲ್ಲೇ ಇಂಥ ತಂತ್ರಗಳನ್ನು ಬಹಿರಂಗವಾಗಿ ವಿವರಿಸಿದ್ದರು.

ಆ ಅರ್ಧ ನಿಮಿಷಕ್ಕಾಗಿಯೇ ಅಮೆರಿಕ ಸ್ಪ್ರಿಂಟ್ ಎಂಬ ಪ್ರತಿಕ್ಷಿಪಣಿ ಮಾಡಿತ್ತು. ಅದರ ವೇಗೋತ್ಕರ್ಷ ಗುರುತ್ವದ ನೂರು ಪಟ್ಟು. ಅದನ್ನೊಳಗೊಂಡ ಸೇಫ್‌ಗಾರ್ಡ್ ವ್ಯವಸ್ಥೆ ನಾರ್ತ್ ಡಕೋಟಾದಲ್ಲಿ 1975ರ ಅಕ್ಟೋಬರ್ 1ರಂದು ಪೂರ್ಣವಾಗಿ ಸಜ್ಜಾಯಿತು. ಮರುದಿನವೇ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆ ಅದನ್ನು ಮುಚ್ಚುವ ಪರ ಮತ ಹಾಕಿತು. ಪ್ರತಿಕ್ಷಿಪಣಿಗಳಿಗೆ ಮಿತಿ ಹಾಕಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಾಡಿಕೊಂಡ 1972ರ ಒಪ್ಪಂದ ಮತ್ತು ಅದರ 1974ರ ತಿದ್ದುಪಡಿಯಂತೆ ಇಟ್ಟುಕೊಳ್ಳಬಹುದಾಗಿದ್ದದ್ದು ನೂರೇ ಪ್ರತಿಕ್ಷಿಪಣಿ. ಎದುರಾಳಿಯಾದರೋ ಒಂದೊಂದು ಕ್ಷಿಪಣಿಗೂ ಹಲವು ಸಿಡಿತಲೆ ತುಂಬತೊಡಗಿದ್ದ. ಆ ಮತ ನನಗೆ ಅವಿವೇಕವಾಗಿ ಕಾಣುವುದಿಲ್ಲ.

ಸಂಭವನೀಯತೆಯ ಲೆಕ್ಕವನ್ನೂ ಮಾಡಿದೆ. ಒಂದು ಪ್ರತಿಕ್ಷಿಪಣಿಯ ಯಶಸ್ಸು ಶೇ 50 ಎಂದುಕೊಳ್ಳಿ. ಒಂದೇ ಗುರಿಗೆ ನಾಲ್ಕು ಬಿಟ್ಟರೆ ಶೇ 94. ಹತ್ತು ಸಿಡಿತಲೆ ಬಂದರೆ ಹತ್ತೂ ನಿಲ್ಲುವ ಸಾಧ್ಯತೆ ಶೇ 52ಕ್ಕೆ ಇಳಿಯುತ್ತದೆ. ಇದೂ ಉದಾರ ಲೆಕ್ಕವೇ. ನಾಲ್ಕೂ ಒಂದೇ ಬಲೂನಿಗೆ ಮರುಳಾದರೆ ನಾಲ್ಕೂ ಒಟ್ಟಿಗೇ ಸೋಲುತ್ತವೆ.

ಹಾಗಾದರೆ ಬಲೂನು ಹೊರಬೀಳುವ ಮೊದಲೇ, ಎಂಜಿನ್ ಉರಿಯುತ್ತಿರುವಾಗಲೇ ಹೊಡೆದರೆ? ಆ ಬೆಂಕಿಯನ್ನು ಉಪಗ್ರಹಗಳು ಚೆನ್ನಾಗಿ ಕಾಣುತ್ತವೆ. ಆದರೆ ಎಂಜಿನ್ ಉರಿಯುವುದು ಮೂರರಿಂದ ಐದು ನಿಮಿಷ. ಪತ್ತೆಗೆ ಒಂದು ನಿಮಿಷ ಕಳೆದು, ಉಳಿದ ಮೂರು ನಿಮಿಷದಲ್ಲಿ ಸೆಕೆಂಡಿಗೆ 5 ಕಿ.ಮೀ.ನಂತೆ ಓಡಿದರೂ 900 ಕಿ.ಮೀ. ದಾಟಲಾಗದು. ಉತ್ತರ ಕೊರಿಯಾದಂಥ ಪುಟ್ಟ ದೇಶದ ಪಕ್ಕ, ಸಮುದ್ರದಲ್ಲಿ ಹಡಗು ನಿಲ್ಲಿಸಿಕೊಂಡರೆ ಇದು ನಡೆದೀತು. ರಷ್ಯಾದ ಒಳನಾಡಿಗೆ ಭೂಮಿಯಿಂದ ನಡೆಯದು. ಅಮೆರಿಕದ ಅಧ್ಯಕ್ಷ ರೇಗನ್ 1983ರಲ್ಲಿ ಕ್ಷಿಪಣಿ ತಡೆಯ ಹೊಸ ಯೋಜನೆ ಘೋಷಿಸಿದ ಮೇಲೆ ಬಾಹ್ಯಾಕಾಶದಲ್ಲೇ ಆಯುಧವಿಡುವ ಪ್ರಸ್ತಾಪಗಳು ಬಂದದ್ದು ಅದಕ್ಕೇ. ಆದರೆ ಕೆಳಕಕ್ಷೆಯ ಉಪಗ್ರಹ ಒಂದೇ ಜಾಗದ ಮೇಲೆ ನಿಲ್ಲುವುದಿಲ್ಲ. ಬೇಕಾದ ಗಳಿಗೆಯಲ್ಲಿ ಒಂದು ತಲೆಯ ಮೇಲಿರಬೇಕಾದರೆ ಭೂಮಿಯ ಸುತ್ತ ನೂರಾರು ಹಾರುತ್ತಿರಬೇಕು.