ಉಬುಂಟು ಸರ್ವರ್: ರೀಬೂಟ್ ಆದರೂ ಅಳಿಯದ ವಿಲ್ಯಾನ್ ಇಂಟರ್‌ಫೇಸ್

ಒಂದೇ ನೆಟ್‌ವರ್ಕ್ ಕಾರ್ಡ್ ಇರುವ ಸರ್ವರನ್ನು ಕಚೇರಿಯ ಸಾಮಾನ್ಯ ಜಾಲಕ್ಕೂ ಬ್ಯಾಕಪ್‌ಗೆಂದೇ ಮೀಸಲಿಟ್ಟ ಜಾಲಕ್ಕೂ ಜೋಡಿಸಬೇಕಾದಾಗ, ಆ ಕಾರ್ಡಿನ ಮೇಲೆ ವಿಲ್ಯಾನ್ (ಒಂದೇ ಕೇಬಲ್ಲಿನಲ್ಲಿ ಸಾಗುವ ಬೇರೆ ಬೇರೆ ಜಾಲಗಳನ್ನು ಸಂಖ್ಯೆಯಿಂದ ಪ್ರತ್ಯೇಕಿಸುವ ವಿಧಾನ) ಎಂಬ ವರ್ಚುವಲ್ ಇಂಟರ್‌ಫೇಸ್ ರಚಿಸಿಕೊಳ್ಳಬಹುದು. ‘ಐಪಿ ಲಿಂಕ್’ ಕಮಾಂಡ್ ಅದನ್ನು ಕ್ಷಣದಲ್ಲಿ ರಚಿಸುತ್ತದೆ. ಆದರೆ ಹಾಗೆ ರಚಿಸಿದ್ದು ಕರ್ನಲ್‌ನ ಮೆಮೊರಿಯಲ್ಲಷ್ಟೇ ಇರುವುದರಿಂದ ರೀಬೂಟ್ ಆದೊಡನೆ ಇಲ್ಲವಾಗುತ್ತದೆ. ಉಳಿಯಬೇಕಾದರೆ ಅದು ಫೈಲಿನಲ್ಲಿ ಬರೆದಿರಬೇಕು. ಉಬುಂಟುವಿನಲ್ಲಿ 17.10ನೇ ಆವೃತ್ತಿಯಿಂದ ಈ ಹೊಣೆ ನೆಟ್‌ಪ್ಲ್ಯಾನ್ ಎಂಬ ನೆಟ್‌ವರ್ಕ್ ಸಂರಚನಾ ಸಾಧನದ್ದು.

ಮೊದಲು ಸರ್ವರಿನ ಕೇಬಲ್ ಸೇರುವ ಸ್ವಿಚ್ ಪೋರ್ಟಿನಲ್ಲಿ ನಿಮ್ಮ ವಿಲ್ಯಾನ್ ಸಂಖ್ಯೆಗೆ ಟ್ಯಾಗ್ (ಪ್ಯಾಕೆಟ್‌ಗೆ ಅಂಟಿಸುವ ಆ ಸಂಖ್ಯೆಯ ಗುರುತು) ಸಹಿತ ಅನುಮತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅನುಮತಿ ಇಲ್ಲದಿದ್ದರೆ ಸರ್ವರಿನಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಪ್ಯಾಕೆಟ್‌ಗಳು ಆಚೆ ದಾಟುವುದಿಲ್ಲ. ಈ ಸಂಖ್ಯೆ 1ರಿಂದ 4094ರೊಳಗೆ ಇರಬೇಕು. ಇಲ್ಲಿ 20 ಎಂದಿಟ್ಟುಕೊಳ್ಳೋಣ.

ಬಳಿಕ ‘ಇಟಿಸಿ’ಯೊಳಗಿನ ‘ನೆಟ್‌ಪ್ಲ್ಯಾನ್’ ಡೈರೆಕ್ಟರಿಯಲ್ಲಿ ಯಾಮಲ್ ವಿಸ್ತರಣೆಯ ಹೊಸ ಫೈಲ್ ತೆರೆಯಿರಿ. ಸರ್ವರಿನ ಆರಂಭಿಕ ಸಂರಚನೆ ಮಾಡುವ ಕ್ಲೌಡ್-ಇನಿಟ್ ಈಗಾಗಲೇ ಬರೆದಿಟ್ಟ ಫೈಲನ್ನೇ ತಿದ್ದಿದರೆ ಆ ತಿದ್ದುಪಡಿ ಮುಂದೆ ಅಳಿಸಿಹೋಗುವ ಸಾಧ್ಯತೆ ಇರುವುದರಿಂದ ಪ್ರತ್ಯೇಕ ಫೈಲೇ ಲೇಸು. ಅದರಲ್ಲಿ ‘ನೆಟ್‌ವರ್ಕ್’ನ ಕೆಳಗೆ ‘ವರ್ಷನ್’ 2 ಎಂದೂ, ‘ವಿಲ್ಯಾನ್ಸ್’ ವಿಭಾಗದಲ್ಲಿ ಹೊಸ ಇಂಟರ್‌ಫೇಸಿನ ಹೆಸರು, ಅದರಡಿ ‘ಐಡಿ’ಗೆ 20, ‘ಲಿಂಕ್’ಗೆ ಮೂಲ ಕಾರ್ಡಿನ ಹೆಸರು, ‘ಅಡ್ರೆಸಸ್’ಗೆ 192.168.20.10/24ರಂತಹ ವಿಳಾಸವನ್ನೂ ಬರೆಯಿರಿ. ಮೂಲ ಕಾರ್ಡಿನ ವಿವರ ‘ಈಥರ್‌ನೆಟ್ಸ್’ ವಿಭಾಗದಲ್ಲಿ, ಹಳೆಯ ಫೈಲಿನಲ್ಲಾದರೂ, ಇರಲೇಬೇಕು. ಬ್ಯಾಕಪ್ ಜಾಲಕ್ಕೆ ಇನ್ನೊಂದು ಡೀಫಾಲ್ಟ್ ಗೇಟ್‌ವೇ (ಹೊರಗಿನ ಜಾಲಗಳಿಗೆ ಹೋಗುವ ಸಾಮಾನ್ಯ ದಾರಿ) ಕೊಡಬೇಡಿ. ಕೊಟ್ಟರೆ ಹೊರಹೋಗುವ ಸಂಚಾರ ತಪ್ಪು ದಾರಿ ಹಿಡಿಯಬಹುದು. ಸಾಲುಗಳನ್ನು ಒಳಸರಿಸಲು ಸ್ಪೇಸ್ ಮಾತ್ರ ಬಳಸಬೇಕು, ಟ್ಯಾಬ್ ಸಲ್ಲದು. ಫೈಲಿನ ಅನುಮತಿ 600 (ಮಾಲೀಕರಷ್ಟೇ ಓದಿ ಬರೆಯಬಲ್ಲಂತೆ) ಇರಲಿ.

ಈಗ ಅತ್ಯಂತ ಎಚ್ಚರ ಬೇಡುವ ಹಂತ. ದೂರದಿಂದ ಎಸ್ಎಸ್ಎಚ್ ಮೂಲಕ ಕೆಲಸ ಮಾಡುವಾಗ ಒಂದು ತಪ್ಪು ಸಾಲು ಇಡೀ ಸಂಪರ್ಕವನ್ನೇ ಕಡಿದುಹಾಕಬಹುದು. ಆದ್ದರಿಂದ ‘ನೆಟ್‌ಪ್ಲ್ಯಾನ್ ಅಪ್ಲೈ’ ಬದಲು ‘ನೆಟ್‌ಪ್ಲ್ಯಾನ್ ಟ್ರೈ’ ಚಲಾಯಿಸಿ. ಇದು ಹೊಸ ಸಂರಚನೆಯನ್ನು ಜಾರಿಗೆ ತಂದು 120 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೇ ಮರಳುತ್ತದೆ. ಈ ಅವಧಿಯಲ್ಲಿ ಮತ್ತೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಅದು ಯಶಸ್ವಿಯಾದರೆ ಮಾತ್ರ ಒಪ್ಪಿಗೆ ಕೊಡಿ.

ಕೊನೆಗೆ, ಬಳಕೆದಾರರಿಗೆ ತೊಂದರೆಯಾಗದ ಹೊತ್ತಿನಲ್ಲಿ ಸರ್ವರನ್ನು ಒಮ್ಮೆ ರೀಬೂಟ್ ಮಾಡಲೇಬೇಕು. ಆನಂತರ ‘ಐಪಿ ಲಿಂಕ್ ಶೋ’ ಕಮಾಂಡಿಗೆ ವಿವರ ತೋರಿಸುವ ‘ಡಿ’ ಆಯ್ಕೆಯನ್ನು ಸೇರಿಸಿ ಚಲಾಯಿಸಿದಾಗ ಇಂಟರ್‌ಫೇಸಿನ ಹೆಸರಿನೊಂದಿಗೆ 20 ಎಂಬ ಸಂಖ್ಯೆಯೂ ಕಾಣಬೇಕು, ಬ್ಯಾಕಪ್ ಜಾಲದ ಇನ್ನೊಂದು ಯಂತ್ರಕ್ಕೆ ಕಳುಹಿಸಿದ ಪಿಂಗ್‌ಗೆ ಉತ್ತರ ಬರಬೇಕು.